ಅಪಾರ್ಟ್‌ಮೆಂಟಿಗೆ ಎಂಥ ನಾಯಿ ಹೊಂದುತ್ತದೆ? ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವು ಏಳನೆಯ ಮಹಡಿಯಲ್ಲಿ ಎರಡು ಕೋಣೆಗಳ ಫ್ಲಾಟಿನಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮರಳುವುದು ಸಂಜೆಗೇ. ಮಗಳಿಗೆ ಹತ್ತು ವರ್ಷ. ಮನೆ ಚಿಕ್ಕದಾದ್ದರಿಂದ ಚಿಕ್ಕ ನಾಯಿಯೇ ಸರಿಹೋಗುತ್ತದೆಂದು ಬೀಗಲ್ ಅಥವಾ ಜ್ಯಾಕ್ ರಸೆಲ್ ಟೆರಿಯರ್ ಮರಿಯನ್ನು ತರಬೇಕೆಂದಿದ್ದೇವೆ. ನಮ್ಮ ಆಯ್ಕೆ ಸರಿಯೇ?

ಉತ್ತರ: ನಮಸ್ಕಾರ. ಮರಿಯನ್ನು ತರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನೇರವಾಗಿ ಹೇಳುತ್ತೇನೆ, ಬೇಸರಪಡಬೇಡಿ: ನೀವು ಹೆಸರಿಸಿದ ಎರಡು ತಳಿಗಳೂ ನಿಮ್ಮ ದಿನಚರಿಗೆ ಹೊಂದುವುದಿಲ್ಲ.

ಚಿಕ್ಕ ಮನೆಗೆ ಚಿಕ್ಕ ನಾಯಿ ಎಂಬ ಲೆಕ್ಕಾಚಾರ ಮೇಲುನೋಟಕ್ಕೆ ಸರಿಯೆನಿಸಿದರೂ ಅಪಾರ್ಟ್‌ಮೆಂಟಿನಲ್ಲಿ ಕಷ್ಟಕ್ಕೆ ಕಾರಣವಾಗುವುದು ನಾಯಿಯ ಗಾತ್ರಕ್ಕಿಂತ ಹೆಚ್ಚಾಗಿ ಅದರ ಚಟುವಟಿಕೆ, ಅದರ ದನಿ ಮತ್ತು ಒಂಟಿಯಾಗಿರುವುದನ್ನು ಅದು ಎಷ್ಟರಮಟ್ಟಿಗೆ ತಾಳಿಕೊಳ್ಳುತ್ತದೆ ಎಂಬುದು. ಒಂದು ತಳಿಯನ್ನು ಯಾವ ಕೆಲಸಕ್ಕಾಗಿ ತಲೆಮಾರುಗಳಿಂದ ಆರಿಸಿ ಬೆಳೆಸಿದರೋ ಆ ಕೆಲಸದ ಗುಣ ಫ್ಲಾಟಿನೊಳಗೂ ಅದರ ಜೊತೆಗೇ ಬರುತ್ತದೆ. ಬೀಗಲ್ ಗುಂಪಿನಲ್ಲಿ ಮೊಲದ ವಾಸನೆ ಹಿಡಿದು ಓಡಲು ಬೆಳೆಸಿದ ಬೇಟೆನಾಯಿ. ದೂರದಲ್ಲಿರುವ ಬೇಟೆಗಾರನಿಗೆ ತಾನಿರುವ ಜಾಗ ತಿಳಿಯಲೆಂದೇ ಅದಕ್ಕೆ ಅಷ್ಟು ದೊಡ್ಡ ದನಿ. ಅದು ಬೇಸರದಿಂದ ಊಳಿಟ್ಟರೆ ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಕೇಳಿಸುತ್ತದೆ. ಗುಂಪಿನಲ್ಲಿ ಬಾಳುವ ನಾಯಿಯಾದ್ದರಿಂದ ಒಂಟಿತನವೂ ಅದಕ್ಕೆ ಆಗಿಬರುವುದಿಲ್ಲ. ಜ್ಯಾಕ್ ರಸೆಲ್ ಬಿಲದಲ್ಲಿ ಅಡಗಿದ ನರಿಯನ್ನು ಹೊರಗಟ್ಟಲೆಂದು ಬೆಳೆಸಿದ ತಳಿ. ತೂಕ ಆರೇಳು ಕಿಲೋ ಇದ್ದರೂ ಅಗೆಯುವ, ಬೆನ್ನಟ್ಟುವ, ಕಚ್ಚಿ ಜಗ್ಗಾಡುವ ಹಂಬಲ ಅದಕ್ಕೆ ದಿನವಿಡೀ ಇರುತ್ತದೆ. ನೀವು ಕೆಲಸದಲ್ಲಿರುವಾಗ ಆ ಹಂಬಲ ತೀರುವುದು ಸೋಫಾದ ಮೇಲೆಯೇ.

ಇದಕ್ಕೆ ತದ್ವಿರುದ್ಧವಾಗಿ, ಮೂವತ್ತು ಕಿಲೋ ತೂಗುವ ಗ್ರೇಹೌಂಡ್ ಹೊರಗೆ ಬಾಣದಂತೆ ಓಡಿದರೂ ಮನೆಯೊಳಗೆ ಬಂದ ಮೇಲೆ ದಿನದ ಬಹುಭಾಗವನ್ನು ಮಲಗಿಯೇ ಕಳೆಯುತ್ತದೆ. ಸಾಮಾನ್ಯವಾಗಿ ಹೆಚ್ಚು ಬೊಗಳುವುದೂ ಇಲ್ಲ. ಕಾಲು ಚಾಚಿ ಮಲಗಲು ಮೆತ್ತನೆಯ ಜಾಗ ಮತ್ತು ದಿನಕ್ಕೆರಡು ನಡಿಗೆ ಸಿಕ್ಕರೆ ಅದು ಎಷ್ಟೋ ಚಿಕ್ಕ ನಾಯಿಗಳಿಗಿಂತ ಚೆನ್ನಾಗಿ ಫ್ಲಾಟಿಗೆ ಒಗ್ಗಿಕೊಳ್ಳುತ್ತದೆ.

ಪ್ರಶ್ನೆ (ಅದೇ ಸದಸ್ಯರು): ಹಾಗಾದರೆ ನಮ್ಮಂಥವರು ಯಾವ ತಳಿಯನ್ನು ನೋಡಬೇಕು? ಮರಿಯನ್ನೇ ತಂದು ನಮ್ಮ ರೀತಿಗೆ ಬೆಳೆಸಿದರೆ ಸುಲಭವಲ್ಲವೇ?

ಉತ್ತರ: ಮರಿಯ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯ ಮಟ್ಟಿಗೆ ತಳಿಗಿಂತ ದೊಡ್ಡ ಪ್ರಶ್ನೆ ಅದು. ಮರಿ ಎಷ್ಟು ಹೊತ್ತು ಮೂತ್ರವನ್ನು ತಡೆದುಕೊಳ್ಳಬಲ್ಲದು ಎಂಬುದಕ್ಕೆ ನಾವು ಬಳಸುವ ಸ್ಥೂಲ ಲೆಕ್ಕವೆಂದರೆ ಅದರ ವಯಸ್ಸಿನ ತಿಂಗಳಿಗೆ ಒಂದನ್ನು ಕೂಡಿಸಿದಷ್ಟು ಗಂಟೆ. ಮೂರು ತಿಂಗಳ ಮರಿಗೆ ಹೆಚ್ಚೆಂದರೆ ನಾಲ್ಕು ಗಂಟೆಯಾಯಿತು; ಅದೂ ಮಲಗಿರುವಾಗ. ನಿದ್ದೆಯಿಂದ ಎದ್ದಾಗ, ಉಂಡಾಗ, ಆಡಿ ದಣಿದಾಗ ತಕ್ಷಣವೇ ಹೊರಗೆ ಕರೆದೊಯ್ಯಬೇಕು. ಅಂಗಳವಿರುವ ಮನೆಯಲ್ಲಿ ಬಾಗಿಲು ತೆರೆದರಾಯಿತು. ನೀವಾದರೋ ಬೆಲ್ಟ್ ಹಾಕಿ, ಲಿಫ್ಟಿಗೆ ಕಾದು, ಏಳು ಮಹಡಿ ಇಳಿಯಬೇಕು. ಅಷ್ಟರಲ್ಲಿ ಮರಿಯ ಕೆಲಸ ಲಿಫ್ಟಿನಲ್ಲೇ ಮುಗಿದಿರುತ್ತದೆ. ಹಗಲಿಡೀ ಮನೆಯಲ್ಲಿ ಯಾರೂ ಇರದಿದ್ದರೆ ಮರಿ ಮನೆಯೊಳಗೇ ಗಲೀಜು ಮಾಡುವುದನ್ನು ರೂಢಿಸಿಕೊಳ್ಳುತ್ತದೆ. ತಪ್ಪು ಅದರದಲ್ಲ.

ಇನ್ನೊಂದು ಮಾತು. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮರಿ ಏನನ್ನು ಕಂಡು ಕೇಳಿ ಹೆದರದೆ ಉಳಿಯುತ್ತದೋ ಅದನ್ನು ಮುಂದೆ ಜೀವನಪೂರ್ತಿ ಸಹಜವೆಂದು ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಲಸಿಕೆಯ ಸರಣಿ ಆರರಿಂದ ಎಂಟನೆಯ ವಾರದ ಸುಮಾರಿಗೆ ಆರಂಭವಾಗಿ ಹದಿನಾರನೆಯ ವಾರದವರೆಗೂ ನಡೆಯುತ್ತದೆ. ಅಷ್ಟೂ ದಿನ ಬಾಗಿಲು ಹಾಕಿ ಕೂಡಿಟ್ಟರೆ ಕಲಿಯುವ ಕಾಲವೇ ಕಳೆದುಹೋಗುತ್ತದೆ. ಆದ್ದರಿಂದ ಮರಿಯನ್ನು ತೋಳಿನಲ್ಲೆತ್ತಿಕೊಂಡೇ ಲಿಫ್ಟಿನ ಸದ್ದು, ಕಾರಿಡಾರಿನ ಜನ, ಗಾಲಿಕುರ್ಚಿ, ಕೊಡೆ, ಸೈಕಲ್ಲು ಎಲ್ಲವನ್ನೂ ತೋರಿಸಬೇಕು. ಇದಕ್ಕೂ ಹಗಲಿನಲ್ಲಿ ಒಬ್ಬರು ಬೇಕು.

ಹೀಗಾಗಿ ನಿಮ್ಮ ಮನೆಗೆ ಎರಡು ವರ್ಷ ದಾಟಿದ ನಾಯಿಯನ್ನು ಆಶ್ರಯ ಕೇಂದ್ರದಿಂದ ದತ್ತು ಪಡೆಯುವುದೇ ಉತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ. ಮಿಶ್ರ ತಳಿಯಾದರೂ ಚಿಂತೆಯಿಲ್ಲ. ಮರಿಯ ವಿಷಯದಲ್ಲಿ ನಾವು ಊಹಿಸಬೇಕಾದುದನ್ನೆಲ್ಲ ಬೆಳೆದ ನಾಯಿಯಲ್ಲಿ ಕಣ್ಣಾರೆ ನೋಡಬಹುದು. ತಳಿಯ ನಾಯಿಯೇ ಬೇಕೆಂದಾದರೆ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯೆಲ್ ಮೃದು ಸ್ವಭಾವದ್ದು, ಮಕ್ಕಳೊಂದಿಗೆ ಬಹಳ ಚೆನ್ನಾಗಿ ಬೆರೆಯುತ್ತದೆ. ಆದರೆ ಈ ತಳಿಯಲ್ಲಿ ಹೃದಯದ ಮೈಟ್ರಲ್ ಕವಾಟದ ಕಾಯಿಲೆ ತೀರಾ ಸಾಮಾನ್ಯವಾದ್ದರಿಂದ ತಂದೆ ತಾಯಿ ನಾಯಿಗಳ ಹೃದಯ ತಪಾಸಣೆಯ ವರದಿಯನ್ನು ಕೇಳದೆ ಕೊಳ್ಳಬೇಡಿ. ಬಿಷಾನ್ ಫ್ರಿಸೇ ಮತ್ತು ಚಿಕ್ಕ ಪೂಡಲ್ ಕೂಡ ಫ್ಲಾಟಿಗೆ ಒಗ್ಗುತ್ತವೆ, ಕೂದಲು ಉದುರುವುದೂ ಕಡಿಮೆ. ಆದರೆ ಆ ಕೂದಲನ್ನು ದಿನವೂ ಬಾಚಬೇಕು, ಕೆಲವು ವಾರಗಳಿಗೊಮ್ಮೆ ಕತ್ತರಿಸಬೇಕು. ಯಾವುದನ್ನೇ ತಂದರೂ ಮಧ್ಯಾಹ್ನ ಒಬ್ಬರು ಬಂದು ಹೊರಗೆ ಕರೆದೊಯ್ಯುವ ಏರ್ಪಾಡು ಇರಲೇಬೇಕು. ಬೆಳೆದ ನಾಯಿ ಎಂಟು ಗಂಟೆ ತಡೆದುಕೊಳ್ಳಬಲ್ಲದು ನಿಜ, ಆದರೆ ಪ್ರತಿದಿನವೂ ಅದನ್ನು ಹಾಗೆ ತಡೆದಿಡುವುದು ನ್ಯಾಯವಲ್ಲ.

ಪ್ರಶ್ನೆ: ಡಾಕ್ಟರೇ, ನನಗೆ ಪಗ್ ಎಂದರೆ ಬಹಳ ಇಷ್ಟ. ನಮ್ಮ ಫ್ಲಾಟ್ ಕಟ್ಟಡದ ಕೊನೆಯ ಮಹಡಿಯಲ್ಲಿದೆ, ಬೇಸಿಗೆಯಲ್ಲಿ ಚೆನ್ನಾಗಿ ಕಾಯುತ್ತದೆ. ತೊಂದರೆಯಾದೀತೇ?

ಉತ್ತರ: ಖಂಡಿತ ತೊಂದರೆಯಾಗುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವಾಗ ಮೂಗು ಬಾಯಿಗಳ ಒದ್ದೆ ಪದರದಿಂದ ನೀರು ಆವಿಯಾಗುತ್ತದೆ, ದೇಹದ ಬಿಸಿ ಇಳಿಯುವುದು ಮುಖ್ಯವಾಗಿ ಹಾಗೆಯೇ. ಪಗ್ ಮತ್ತು ಫ್ರೆಂಚ್ ಬುಲ್‌ಡಾಗ್‌ಗಳಲ್ಲಿ ಮೂತಿಯ ಎಲುಬು ಗಿಡ್ಡವಾದರೂ ಒಳಗಿನ ಮೃದು ಅಂಗಾಂಶ ಆ ಪ್ರಮಾಣದಲ್ಲಿ ಕಿರಿದಾಗಿಲ್ಲ. ಇಕ್ಕಟ್ಟಾದ ಹೊಳ್ಳೆ ಮತ್ತು ಉದ್ದವಾದ ಅಂಗುಳಿನ ನಡುವೆ ಗಾಳಿ ಸರಾಗವಾಗಿ ಆಡುವುದಿಲ್ಲ. ಜನ ಮುದ್ದು ಎಂದುಕೊಳ್ಳುವ ಆ ಗೊರಕೆ ಎಷ್ಟೋ ಸಲ ಉಸಿರಾಟಕ್ಕೆ ಪಡುವ ಕಷ್ಟದ ಸದ್ದು. ತೇಕಿದಷ್ಟೂ ಗಂಟಲಿನ ಒಳಭಾಗ ಊದಿಕೊಂಡು ದಾರಿ ಇನ್ನಷ್ಟು ಇಕ್ಕಟ್ಟಾಗುತ್ತದೆ. ಹೀಗೆ ಬಿಸಿ ತಡೆಯಲಾರದೆ ನಾಯಿ ಸಾಯುವುದೂ ಉಂಟು. ಕಾಯುವ ಮನೆಯಲ್ಲಿ, ಅದರಲ್ಲೂ ಹಗಲು ಯಾರೂ ಇರದ ಮನೆಯಲ್ಲಿ, ದಯವಿಟ್ಟು ಈ ತಳಿಗಳನ್ನು ಸಾಕಬೇಡಿ.

ಪ್ರಶ್ನೆ: ನನಗೆ ಅಲರ್ಜಿ ಇದೆ. ಅಲರ್ಜಿ ಬರಿಸದ ನಾಯಿ ಎಂದು ಮಾರುವುದನ್ನು ನಂಬಬಹುದೇ?

ಉತ್ತರ: ನಂಬಬೇಡಿ. ಅಲರ್ಜಿಗೆ ಕಾರಣ ಕೂದಲಲ್ಲ, ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನುಗಳು. ಅವು ಎಲ್ಲ ತಳಿಗಳಲ್ಲೂ ಇರುತ್ತವೆ. ಮೊದಲು ನಿಮ್ಮ ವೈದ್ಯರನ್ನು ಕಾಣಿರಿ. ಬಳಿಕ ನೀವು ತರಬೇಕೆಂದಿರುವ ಅದೇ ನಾಯಿಯೊಂದಿಗೆ ಮುಚ್ಚಿದ ಕೋಣೆಯಲ್ಲಿ ಹಲವು ಸಲ ಹೊತ್ತು ಕಳೆದು ನೋಡಿ.

ಪ್ರಶ್ನೆ: ನಮ್ಮ ಕಟ್ಟಡದಲ್ಲಿ ಸದ್ದಿನ ಬಗ್ಗೆ ಬಹಳ ತಕರಾರು. ಬೊಗಳದ ನಾಯಿ ಎಂದು ಬಸೆಂಜಿಯ ಹೆಸರು ಕೇಳಿದ್ದೇನೆ. ಶಸ್ತ್ರಚಿಕಿತ್ಸೆಯಿಂದ ದನಿ ಕಡಿಮೆ ಮಾಡಿಸಬಹುದೆಂದೂ ಯಾರೋ ಹೇಳಿದರು.

ಉತ್ತರ: ಬಸೆಂಜಿ ಸಾಮಾನ್ಯವಾಗಿ ಬೊಗಳುವುದಿಲ್ಲ, ಆದರೆ ಮೂಕ ನಾಯಿಯೂ ಅಲ್ಲ, ಹಾಡಿದಂತೆಯೂ ಕಿರುಚಿದಂತೆಯೂ ಕೇಳುವ ದನಿಗಳನ್ನು ಹೊರಡಿಸುತ್ತದೆ. ವಿಪರೀತ ಚುರುಕಿನ ಬೇಟೆನಾಯಿಯಾದ್ದರಿಂದ ಮೊದಲ ಬಾರಿಗೆ ನಾಯಿ ಸಾಕುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಶಸ್ತ್ರಚಿಕಿತ್ಸೆಯ ಮಾತನ್ನಂತೂ ಮನಸ್ಸಿನಿಂದ ತೆಗೆದುಹಾಕಿ. ದನಿಯನ್ನು ಕತ್ತರಿಸಿದ ಮಾತ್ರಕ್ಕೆ ನಾಯಿಯ ಭಯವಾಗಲಿ ಬೇಸರವಾಗಲಿ ಕಡಿಮೆಯಾಗುವುದಿಲ್ಲ. ಅದನ್ನು ಹೇಳಿಕೊಳ್ಳುವ ದಾರಿ ಮಾತ್ರ ಮುಚ್ಚಿಹೋಗುತ್ತದೆ. ಹೊಸ ನಾಯಿ ಬಂದ ಮೇಲೆ ಅದನ್ನು ಕೆಲವೇ ನಿಮಿಷ ಒಂಟಿಯಾಗಿ ಬಿಟ್ಟು ಮೊಬೈಲಿನಲ್ಲಿ ಚಿತ್ರೀಕರಿಸಿ. ಒಂಟಿತನದ ಆತಂಕವಿರುವ ನಾಯಿ ನೀವು ಹೊರಟ ಮೊದಲ ಅರ್ಧ ಗಂಟೆಯೊಳಗೇ ಬಾಗಿಲನ್ನು ಕೆರೆಯುವುದು, ಜೊಲ್ಲು ಸುರಿಸುವುದು, ಅತ್ತಿತ್ತ ಶತಪಥ ತಿರುಗುವುದು, ಊಳಿಡುವುದು ಇವುಗಳಲ್ಲಿ ಒಂದನ್ನಾದರೂ ಹೆಚ್ಚಾಗಿ ತೋರಿಸಿರುತ್ತದೆ. ಹಾಗೆ ಕಂಡರೆ ನೆರೆಯವರ ದೂರಿಗೆ ಕಾಯದೆ ಚಿಕಿತ್ಸೆಗೆ ಬನ್ನಿ.

ಪ್ರಶ್ನೆ: ನಮಸ್ಕಾರ. ನನಗೆ ಅರವತ್ತೆಂಟು ವರ್ಷ, ಒಬ್ಬಳೇ ಇದ್ದೇನೆ. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಡ್ಯಾಶ್‌ಹೌಂಡ್ ಸಾಕಬಹುದೇ?

ಉತ್ತರ: ನಮಸ್ಕಾರ ಅಮ್ಮಾ. ತಮಗೆ ನಾಯಿಯ ಜೊತೆ ಸಿಗಲೆಂಬುದು ನನ್ನ ಮನಸ್ಸಿನ ಆಸೆಯೂ ಹೌದು, ಆದರೆ ಡ್ಯಾಶ್‌ಹೌಂಡ್ ಬೇಡ. ಉದ್ದ ಬೆನ್ನು, ಗಿಡ್ಡ ಕಾಲಿನ ಈ ತಳಿಯಲ್ಲಿ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ಬೇಗ ಗಡುಸಾಗಿ, ಒಂದು ದಿನ ಜರುಗಿ ನರಹುರಿಯನ್ನು ಒತ್ತುವ ಅಪಾಯ ಬಹಳ ಹೆಚ್ಚು. ಹಿಂಗಾಲುಗಳ ಸ್ವಾಧೀನವೇ ತಪ್ಪಬಹುದು. ದಿನಕ್ಕೆ ಮೂರು ನಾಲ್ಕು ಸಲ ಮೂರು ಮಹಡಿ ಹತ್ತಿಳಿಯುವುದು ಅಂಥ ಬೆನ್ನಿಗೆ ಒಳ್ಳೆಯದಲ್ಲ. ತಾವು ತೋಳಿನಲ್ಲೆತ್ತಿಕೊಂಡು ಮೆಟ್ಟಿಲಿಳಿಯಬಲ್ಲಷ್ಟು ಹಗುರವಾದ, ಆರೇಳು ವರ್ಷ ವಯಸ್ಸಿನ, ಶಾಂತ ಸ್ವಭಾವದ ನಾಯಿಯನ್ನು ಹುಡುಕಿ. ಆ ವಯಸ್ಸಿನ ನಾಯಿಗಳನ್ನು ಆಶ್ರಯ ಕೇಂದ್ರಗಳಲ್ಲಿ ಕೇಳುವವರೇ ಕಡಿಮೆ. ತಮ್ಮಂಥವರ ಮನೆಯಲ್ಲಿ ಅವು ಬಹುಬೇಗ ಹೊಂದಿಕೊಳ್ಳುತ್ತವೆ. ತಮಗೆ ಹುಷಾರಿಲ್ಲದ ದಿನ ನಾಯಿಯನ್ನು ಕೆಳಗೆ ಕರೆದೊಯ್ಯುವವರು ಯಾರೆಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ (ಮೊದಲು ಕೇಳಿದ ಸದಸ್ಯರು): ಡಾಕ್ಟರೇ, ದತ್ತು ಪಡೆಯುವುದೆಂದೇ ತೀರ್ಮಾನಿಸಿದೆವು. ಆಶ್ರಯ ಕೇಂದ್ರಕ್ಕೆ ಹೋದಾಗ ಏನನ್ನು ನೋಡಬೇಕು?

ಉತ್ತರ: ಕೇಳಿ ಸಂತೋಷವಾಯಿತು. ಗೂಡಿನ ಸರಳುಗಳ ಹಿಂದೆ ನಿಂತು ಬೊಗಳುವ ನಾಯಿಯನ್ನು ನೋಡಿ ನಿರ್ಧರಿಸಬೇಡಿ. ಆ ಗದ್ದಲದಲ್ಲಿ ಯಾವ ನಾಯಿಯ ನಿಜವಾದ ಸ್ವಭಾವವೂ ತಿಳಿಯುವುದಿಲ್ಲ. ಅದನ್ನು ನಿಶ್ಶಬ್ದವಾದ ಜಾಗಕ್ಕೆ ಕರೆತರಲು ಹೇಳಿ, ನೀವು ಮೂವರೂ ನೆಲದ ಮೇಲೆ ಸುಮ್ಮನೆ ಕುಳಿತುಕೊಳ್ಳಿ, ಅದು ತಾನಾಗಿ ಬರುವವರೆಗೆ ಕೈ ಚಾಚಬೇಡಿ. ಮೈ ಸಡಿಲವಾಗಿ, ಬಾಲವನ್ನು ಅಗಲವಾಗಿ ಬೀಸುತ್ತ ಬಂದು ಮೂಸಿ, ಮಗಳ ಪಕ್ಕದಲ್ಲಿ ಮೈಯಾನಿಸಿ ಕುಳಿತರೆ ಒಳ್ಳೆಯ ಲಕ್ಷಣ. ನಂತರ ಸ್ವಲ್ಪ ದೂರದಲ್ಲಿ ಬೀಗದ ಕೈ ಗೊಂಚಲನ್ನು ನೆಲಕ್ಕೆ ಬೀಳಿಸಿ. ಬೆಚ್ಚಿಬೀಳುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೆಚ್ಚಿದ ಮೇಲೆ ಎಷ್ಟು ಹೊತ್ತಿಗೆ ಸುಧಾರಿಸಿಕೊಳ್ಳುತ್ತದೆ ಎಂಬುದನ್ನು ನೋಡಿ. ಕೆಲವು ಕ್ಷಣಗಳಲ್ಲಿ ಹತ್ತಿರ ಹೋಗಿ ಮೂಸಿ ನೋಡುವ ನಾಯಿ, ಬಾಗಿಲ ಗಂಟೆ, ಲಿಫ್ಟು, ಮೇಲಿನವರು ಕುರ್ಚಿ ಎಳೆಯುವ ಸದ್ದು ಇವೆಲ್ಲಕ್ಕೂ ಒಗ್ಗಿಕೊಳ್ಳುತ್ತದೆಂದು ಭರವಸೆಯಿಡಬಹುದು. ಮೂಲೆ ಸೇರಿ ಬಾಲ ಮುದುರಿ ಬಹಳ ಹೊತ್ತು ನಡುಗುವ ನಾಯಿಗೂ ಒಳ್ಳೆಯ ಮನೆ ಸಿಗಲೇಬೇಕು, ಆದರೆ ಅದಕ್ಕೆ ನಿಮ್ಮದಕ್ಕಿಂತ ನಿಶ್ಶಬ್ದವಾದ, ಹಗಲೆಲ್ಲ ಜನವಿರುವ ಮನೆ ಬೇಕು.

ಸಾಧ್ಯವಾದರೆ ಒಂದೆರಡು ವಾರ ತಾತ್ಕಾಲಿಕವಾಗಿ ಮನೆಯಲ್ಲಿಟ್ಟುಕೊಂಡು ನೋಡಲು ಅನುಮತಿ ಕೇಳಿ. ಅದು ಬರುವ ಮೊದಲು ಬಾಲ್ಕನಿಯ ಕಂಬಿಗಳ ನಡುವಿನ ಸಂದಿಗೆ ಗಟ್ಟಿ ಬಲೆ ಬಿಗಿಸಿ, ನುಣುಪು ಟೈಲ್ಸಿನ ಮೇಲೆ ಜಾರದ ಚಾಪೆ ಹಾಸಿ. ಮೊದಲ ವಾರ ಇಬ್ಬರಲ್ಲೊಬ್ಬರು ರಜೆ ಹಾಕಿ ಮನೆಯಲ್ಲಿರಿ. ನಡಿಗೆಗೆ ಕರೆದೊಯ್ದಾಗ ಅವಸರಪಡಿಸದೆ ಗಿಡ, ಕಲ್ಲು, ಗೋಡೆಯ ಬುಡವನ್ನೆಲ್ಲ ಮನಸಾರೆ ಮೂಸಲು ಬಿಡಿ. ದರದರ ಎಳೆದುಕೊಂಡು ಹೋದ ಒಂದು ಗಂಟೆಗಿಂತ ಹಾಗೆ ಮೂಸುತ್ತ ಕಳೆದ ಅರ್ಧ ಗಂಟೆಯಿಂದ ನಾಯಿಯ ಮನಸ್ಸು ಹೆಚ್ಚು ತಣಿಯುತ್ತದೆ. ತಂದ ಎರಡು ಮೂರು ದಿನಗಳಲ್ಲಿ ಲಸಿಕೆಯ ದಾಖಲೆಯೊಂದಿಗೆ ಒಮ್ಮೆ ಪಶುವೈದ್ಯರಲ್ಲಿ ತಪಾಸಣೆ ಮಾಡಿಸಿ.