ಶಾಲೆಯ ಎದುರಿನ ಅಂಗಡಿಯಲ್ಲಿ ಮಕ್ಕಳ ಮೊಬೈಲ್: ಭಾನುವಾರ ಸಭೆ

ಎರಡನೇ ಅಡ್ಡರಸ್ತೆ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಗೆ ಹೊಂದಿಕೊಂಡಿರುವ ಪ್ರೌಢಶಾಲೆಯಲ್ಲಿ ಮೊಬೈಲ್ ನಿಷೇಧವಿದೆ. ಆದರೂ ಮಕ್ಕಳು ತರುತ್ತಾರೆ. ಗೇಟಿನ ಎದುರಿನ ಗೂಡಂಗಡಿಯಲ್ಲಿ ದಿನಕ್ಕೆ 10 ರೂಪಾಯಿ ಕೊಟ್ಟು ಇಟ್ಟು, ಸಂಜೆ ಬಿಡಿಸಿಕೊಳ್ಳುತ್ತಾರೆ. ಆಮೇಲೆ ಉದ್ಯಾನದ ಕಟ್ಟೆಯ ಮೇಲೆ ಗುಂಪು ಕೂಡಿ ಕತ್ತಲಾಗುವವರೆಗೆ ಆಟ, ವಿಡಿಯೊ. ಶಾಲೆ ಬಿಟ್ಟ ದೊಡ್ಡ ಹುಡುಗರೂ ಬಂದು ಸೇರುತ್ತಾರೆ. ಕಳೆದ ವಾರ ಒಂದು ಫೋನ್ ಬದಲಾಗಿ ಹೊಡೆದಾಟವೇ ನಡೆಯಿತು.

ನನಗೆ ಹೆಚ್ಚು ಸಂಕಟವಾಗುವುದು ಅಂಗಡಿಯ ವಿಷಯದಲ್ಲಿ. ಫೋನ್ ಇಡುವ ಕಪಾಟಿನ ಮೇಲೆಯೇ ತಂಬಾಕಿನ ಪೊಟ್ಟಣಗಳು ತೂಗುತ್ತವೆ. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆಯೇ ಹೇಳುತ್ತದೆ. ಪ್ರತಿದಿನ ಎರಡು ಬಾರಿ ನಮ್ಮ ಮಕ್ಕಳನ್ನು ಆ ಕಪಾಟಿನ ಮುಂದೆ ನಿಲ್ಲಿಸುತ್ತಿರುವುದು ಶಾಲೆಯ ಈ ಮೊಬೈಲ್ ನಿಷೇಧ. ಭಾನುವಾರ ಬೆಳಿಗ್ಗೆ 8 ಗಂಟೆಗೆ, ಬಿಸಿಲು ಏರುವ ಮುಂಚೆ, ಉದ್ಯಾನದಲ್ಲಿ ಸೇರಿ ಶಾಲೆಗೆ ಕೊಡುವ ಮನವಿಯ ಬಗ್ಗೆ ಮಾತಾಡೋಣ.

ನಿವೃತ್ತ ಗಣಿತ ಶಿಕ್ಷಕಿ, ಮೊದಲನೇ ಅಡ್ಡರಸ್ತೆ

ಅಂಗಡಿಯನ್ನು ಮುಚ್ಚಿಸಿ, ನಿಷೇಧವನ್ನು ಸಡಿಲಿಸಬೇಡಿ. ಜೇಬಿನಲ್ಲಿ ಫೋನ್ ಇರುವ ಹುಡುಗನ ಕಣ್ಣು ಹಲಗೆಯ ಮೇಲೆ ನಿಲ್ಲುವುದಿಲ್ಲ. ಗಮನ ಒಮ್ಮೆ ಚದುರಿದರೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎಂದು ಯುನೆಸ್ಕೊದ 2023ರ ವರದಿ ಹೇಳಿದೆ. ನಮ್ಮ ಪಿರಿಯಡ್ಡೇ ಇರುವುದು ಮುಕ್ಕಾಲು ಗಂಟೆಯ ಆಸುಪಾಸು. ಫ್ರಾನ್ಸ್ 2018ರಲ್ಲಿಯೇ ಕಾನೂನು ಮಾಡಿ ಕಿರಿಯ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಬಳಕೆ ನಿಲ್ಲಿಸಿತು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿತ್ತು. ಅದಕ್ಕೆ ಮೊಬೈಲೇ ಕಾರಣ ಎಂದು ನಾನು ಹೇಳುವುದಿಲ್ಲ, ಕಾರಣಗಳು ಹಲವು. ಆದರೆ ಈ ಸ್ಥಿತಿಯಲ್ಲಿ ತರಗತಿಯ ಒಂದು ನಿಮಿಷವನ್ನೂ ಕಳೆದುಕೊಳ್ಳುವ ಅನುಕೂಲ ನಮಗಿಲ್ಲ.

ತಾಯಿ, ನಾಲ್ಕನೇ ಅಡ್ಡರಸ್ತೆ

ಮೇಡಂ, ತರಗತಿಯಲ್ಲಿ ಫೋನ್ ಬೇಡವೆಂಬುದಕ್ಕೆ ನನ್ನದೂ ಒಪ್ಪಿಗೆ. ನನ್ನ ಮಗಳು ಶಾಲೆ ಮುಗಿಸಿ ಸೂಪರ್ ಮಾರ್ಕೆಟ್ ಕಡೆ ಟ್ಯೂಷನ್‌ಗೆ ಹೋಗಿ, ಕತ್ತಲಾದ ಮೇಲೆ ಬಸ್ಸಿನಲ್ಲಿ ಬರುತ್ತಾಳೆ. ಮಧ್ಯೆ ಮನೆಗೆ ಬಂದು ಫೋನ್ ಒಯ್ಯಲು ಸಮಯವಿಲ್ಲ. ಬಸ್ ತಡವಾದ ದಿನ ನಾನು ನಿಲ್ದಾಣದಲ್ಲಿ ನಿಂತು ಎಷ್ಟು ದೇವರಿಗೆ ಹರಕೆ ಹೊರಬೇಕು? ಶಾಲೆಯ ಕಚೇರಿಗೆ ಕರೆ ಮಾಡಿದರೆ ಯಾರೂ ಎತ್ತುವುದಿಲ್ಲ. ಫೋನನ್ನು ಶಾಲೆಯೊಳಗೇ ಇಟ್ಟುಕೊಂಡು ಸಂಜೆ ಕೊಡಲಿ.

ಆಟೊ ಚಾಲಕ, ಮೂರನೇ ಅಡ್ಡರಸ್ತೆ

ಒಂದು ಮಾತು ಯಾರೂ ಹೇಳಲಿಲ್ಲ. ಅದೇ ಶಾಲೆಯವರು ಮನೆಪಾಠ ಕಳಿಸುವುದು ವಾಟ್ಸ್ಆ್ಯಪ್‌ನಲ್ಲಿ! ನಮ್ಮ ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್, 2020ರಲ್ಲಿ ಶಾಲೆಗಳು ಮುಚ್ಚಿದಾಗ ಸಾಲ ಮಾಡಿ ಕೊಂಡದ್ದು. ಅದು ಬೆಳಗಿನಿಂದ ರಾತ್ರಿಯವರೆಗೆ ನನ್ನ ಜೊತೆ ಆಟೊದಲ್ಲಿರುತ್ತದೆ. ಬಾಡಿಗೆಯ ಕರೆಗಳು ಬರುವುದು ಅದಕ್ಕೇ. ನಾನು ಮನೆ ಸೇರುವಷ್ಟರಲ್ಲಿ ಮಗ ಮಲಗಿರುತ್ತಾನೆ, ಬೆಳಿಗ್ಗೆ ಲೆಕ್ಕ ಮಾಡಿಲ್ಲವೆಂದು ನಿಲ್ಲಿಸುತ್ತಾರೆ. ಈಗ ಅವನೂ ಫೋನ್ ಬೇಕೆಂದು ಹಟ ಹಿಡಿದಿದ್ದಾನೆ. ಹಟಕ್ಕೆ ಕಾರಣ ಕೊಟ್ಟವರು ಯಾರು? ಮೊದಲು ಮನೆಪಾಠವನ್ನು ಹಲಗೆಯ ಮೇಲೆ ಬರೆಸಿ, ಡೈರಿಯಲ್ಲಿ ಇಳಿಸಿಕೊಳ್ಳಲು ಹೇಳಲಿ.

ನಿವೃತ್ತ ಶಿಕ್ಷಕಿ

ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಇದು ಮನವಿಯಲ್ಲಿ ಮೊದಲು ಬರಲಿ.

ವಕೀಲರು, ಮುಖ್ಯರಸ್ತೆ

ದೆಹಲಿ ಹೈಕೋರ್ಟ್ 2025ರ ಫೆಬ್ರವರಿಯಲ್ಲಿ ಕೇಂದ್ರೀಯ ವಿದ್ಯಾಲಯದ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ ಇದನ್ನೇ ವಿಚಾರಿಸಿದೆ. ಪೂರ್ಣ ನಿಷೇಧ ಸೂಕ್ತವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದಿತು. ಸಾಧ್ಯವಿರುವ ಕಡೆ ಮಕ್ಕಳು ಶಾಲೆಗೆ ಬಂದೊಡನೆ ಫೋನ್ ಒಪ್ಪಿಸಿ, ಹೋಗುವಾಗ ಪಡೆಯಲಿ. ತರಗತಿಯಲ್ಲಿ ಬಳಕೆ ಬೇಡ. ಸುರಕ್ಷತೆಗಾಗಿ ಫೋನ್ ಇರಬಹುದು, ಮನರಂಜನೆಗೆ ಅಲ್ಲ. ನೀತಿ ರೂಪಿಸುವಾಗ ಪೋಷಕರನ್ನೂ ಕೇಳಬೇಕು ಎಂದು ಮಾರ್ಗಸೂತ್ರ ಕೊಟ್ಟಿತು. ಅದು ನಮ್ಮ ರಾಜ್ಯದ ಶಾಲೆಯನ್ನು ಕಟ್ಟಿಹಾಕುವುದಿಲ್ಲ. ಆದರೂ ಮುಖ್ಯ ಶಿಕ್ಷಕರ ಮೇಜಿನ ಮೇಲೆ ಇಡಲು ಗಟ್ಟಿಯಾದ ಆಧಾರ. ಪ್ರತಿ ತರುತ್ತೇನೆ. ತಂಬಾಕಿನ ದೂರನ್ನು ಬೇರೆ ಕಾಗದದಲ್ಲಿ ಬರೆಯಿರಿ, ಎರಡನ್ನೂ ಬೆರೆಸಿದರೆ ಎರಡೂ ಮೂಲೆ ಸೇರುತ್ತವೆ.

ಎರಡನೇ ಅಡ್ಡರಸ್ತೆ ನಿವಾಸಿ

ಹಾಗಾದರೆ ಮನವಿಯ ಕರಡು ಹೀಗಿರಲಿ. ಮನೆಪಾಠ ಡೈರಿಯಲ್ಲಿಯೇ ಬರಬೇಕು, ವಾಟ್ಸ್ಆ್ಯಪ್ ಸೂಚನೆ ಪೋಷಕರಿಗೆ ಮಾತ್ರ. ತಂದ ಫೋನನ್ನು ಸ್ವಿಚ್ ಆಫ್ ಮಾಡಿ, ಹೆಸರು ಬರೆದ ಚೀಲದಲ್ಲಿ ಕಚೇರಿಯ ಬೀಗದ ಪೆಟ್ಟಿಗೆಗೆ ಒಪ್ಪಿಸಬೇಕು. ಪೋಷಕರ ಸಹಿ ಇಲ್ಲದೆ ಯಾವ ಫೋನನ್ನೂ ತೆಗೆದುಕೊಳ್ಳಬಾರದು. ಶಾಲೆಯ ಕಚೇರಿಯ ಫೋನನ್ನು ಶಾಲಾ ಅವಧಿಯಲ್ಲಿ ಒಬ್ಬರು ಎತ್ತಲೇಬೇಕು. ಇದಿಷ್ಟು ಆದರೆ ಅಂಗಡಿಯ ಕಪಾಟು ತಾನಾಗಿಯೇ ಖಾಲಿಯಾಗುತ್ತದೆ. ಶಾಲೆಯವರು ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಬಳಿಗೆ ಹೋಗೋಣ.

ಪೆಟ್ಟಿಗೆಗೆ ಹಣವಿಲ್ಲ ಎಂದು ಶಾಲೆಯವರು ಹೇಳಬಾರದು. ಖರ್ಚು ನಾವೇ ಹಾಕಿಕೊಳ್ಳೋಣ.

ಬಡಗಿ ಕೆಲಸದವರು, ಮೂರನೇ ಅಡ್ಡರಸ್ತೆ

ಪ್ಲೈವುಡ್ ತಂದುಕೊಡಿ. ಕೂಲಿ ಬೇಡ, ನನ್ನ ಇಬ್ಬರು ಮಕ್ಕಳೂ ಅಲ್ಲಿಯೇ ಓದುತ್ತಾರೆ. ಪ್ರತಿ ತರಗತಿಗೆ ಒಂದೊಂದು ಖಾನೆ ಮಾಡುತ್ತೇನೆ. ಬೀಗದ ಕೀಲಿ ಯಾರ ಬಳಿ ಇರಬೇಕು ಎಂಬುದನ್ನು ಮೊದಲೇ ನಿರ್ಧರಿಸಿ. ಫೋನ್ ಕಳೆದರೆ ಗುಮಾಸ್ತರ ತಲೆಗೆ ಬರಬಾರದು.

ನಿವೃತ್ತ ಶಿಕ್ಷಕಿ

ಸಹಿ ಹಾಕುತ್ತೇನೆ. ಆದರೆ ಎಂಟನೇ ತರಗತಿಯ ಮಕ್ಕಳಿಗೆ ಬಟನ್ ಫೋನ್ ಸಾಕು ಎಂಬ ನನ್ನ ಅಭಿಪ್ರಾಯವನ್ನೂ ಮನವಿಯಲ್ಲಿ ಬರೆಯಿರಿ. ಅದರಲ್ಲಿ ಕರೆ ಹೋಗುತ್ತದೆ, ತಾಯಿಗೆ ಬೇಕಾದದ್ದು ಅದೇ. ಸಂಜೆ ಕಟ್ಟೆಯ ಮೇಲೆ ಕೂರುವ ಹುಡುಗರನ್ನು ನನ್ನ ಮನೆಗೆ ಕಳಿಸಿ, ವಾರಕ್ಕೆ ಮೂರು ದಿನ ಗಣಿತ ಹೇಳಿಕೊಡುತ್ತೇನೆ. ಶುಲ್ಕವಿಲ್ಲ.

ತಾಯಿ, ನಾಲ್ಕನೇ ಅಡ್ಡರಸ್ತೆ

ನಮ್ಮ ಬೀದಿಯ ಸಹಿಗಳನ್ನು ಶನಿವಾರ ರಾತ್ರಿಯೊಳಗೆ ನಾನು ಸಂಗ್ರಹಿಸುತ್ತೇನೆ. ಭಾನುವಾರ ಕೆಲಸಕ್ಕೆ ಹೋಗುವವರು ಅದಕ್ಕೂ ಮುಂಚೆ ನಮ್ಮ ಮನೆಗೆ ಬಂದು ಸಹಿ ಹಾಕಿ.