ತಾಮ್ರ–ಇಡಿಟಿಎ ಇರುವ ತೊಳೆನೀರು: ರೆಸಿನ್ ತಾಮ್ರವನ್ನು ಹಿಡಿಯುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ಲೋಹಲೇಪನ ಘಟಕದ ತೊಳೆನೀರಿನಿಂದ ತಾಮ್ರ ತೆಗೆಯಲು ಪ್ರಯೋಗಾಲಯದಲ್ಲಿ ಸಣ್ಣ ಕಾಲಮ್ ನಡೆಸುತ್ತಿದ್ದೇನೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಚೆನ್ನಾಗಿ ಕೆಲಸ ಮಾಡಿದ ಸಲ್ಫೋನಿಕ್ ಧನ ಅಯಾನು ವಿನಿಮಯ ರೆಸಿನ್ (ಧನ ಆವೇಶದ ಅಯಾನುಗಳನ್ನು ಹಿಡಿಯುವ ಮಣಿಗಳು), ನಿಜವಾದ ತೊಳೆನೀರಿನಲ್ಲಿ ಏನನ್ನೂ ಹಿಡಿಯುತ್ತಿಲ್ಲ. ಒಳಹೋದ ನೀಲಿ ನೀರು ನೀಲಿಯಾಗಿಯೇ ಹೊರಬರುತ್ತಿದೆ. ಹರಿವು ತಗ್ಗಿಸಿದರೂ ಅಷ್ಟೇ. ನೀರಿನಲ್ಲಿ ಇಡಿಟಿಎ (ಲೋಹದ ಅಯಾನನ್ನು ಸುತ್ತಿ ಹಿಡಿಯುವ ರಾಸಾಯನಿಕ) ಇದೆ, ಪಿಎಚ್ ಸುಮಾರು 6. ರೆಸಿನ್ ಕೆಟ್ಟಿರಬಹುದೇ?

ಉತ್ತರ:
ಕೆಟ್ಟಿಲ್ಲ, ದಯವಿಟ್ಟು ಎಸೆಯಬೇಡಿ. ಆ ಪಿಎಚ್‌ನಲ್ಲಿ ಇಡಿಟಿಎ ತಾಮ್ರವನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತದೆ (ಬಂಧ ಎಷ್ಟು ಬಿಗಿ ಎಂದು ಹೇಳುವ ಸ್ಥಿರತಾಂಕದ ಲಾಗ್ ಬೆಲೆ ಸುಮಾರು 18.8). ಹಾಗಾದ ತಾಮ್ರ–ಇಡಿಟಿಎ ಸಂಕೀರ್ಣಕ್ಕೆ ಎರಡು ಋಣ ಆವೇಶಗಳಿವೆ, ನಿಮ್ಮ ರೆಸಿನ್‌ನ ಗುಂಪುಗಳೂ ಋಣವೇ. ಹಿಡಿಯುವುದಾದರೂ ಹೇಗೆ? ಖಚಿತವಾಗಬೇಕಿದ್ದರೆ ಒಂದು ಬೀಕರ್ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 10ಕ್ಕೆ ಏರಿಸಿ. ಬಿಡಿ ತಾಮ್ರವಿದ್ದರೆ ಲೋಳೆಯಂತಹ ನೀಲಿ ಗಸಿ ಕೂರುತ್ತದೆ. ಸಂಕೀರ್ಣವಾಗಿದ್ದರೆ ದ್ರಾವಣ ಗಸಿಯಿಲ್ಲದೆ ತಿಳಿಯಾಗಿ, ನೀಲಿಯಾಗಿಯೇ ಉಳಿಯುತ್ತದೆ.

ಸಂಕೀರ್ಣ ಋಣವಾದ್ದರಿಂದ ಮೊದಲು ಋಣ ಅಯಾನು ವಿನಿಮಯ ರೆಸಿನ್ ಪ್ರಯತ್ನಿಸಿ. ಸಲ್ಫೇಟ್ ಜಾಸ್ತಿಯಿದ್ದರೆ ಅದೂ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಹಾಗಾಗಿ ಶುದ್ಧ ದ್ರಾವಣದ ಫಲಿತಾಂಶವನ್ನು ನಂಬದೆ ಅದೇ ತೊಳೆನೀರಿನಲ್ಲಿ ಪರೀಕ್ಷಿಸಿ. ಕೈಟೋಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ತಯಾರಾಗುವ ಪಾಲಿಮರ್) ಕೂಡ ಆಗುತ್ತದೆ: ಆಮ್ಲೀಯ ನೀರಿನಲ್ಲಿ ಅದರ ಅಮೈನ್ ಗುಂಪುಗಳು ಧನ ಆವೇಶ ಪಡೆಯುತ್ತವೆ. ಆದರೆ ಹಸಿ ಕೈಟೋಸಾನ್ ಆಮ್ಲದಲ್ಲಿ ಕರಗಿಹೋಗುವುದರಿಂದ ಅಡ್ಡಬಂಧ ಹಾಕಿದ (ಸರಪಳಿಗಳನ್ನು ಒಂದಕ್ಕೊಂದು ಬೆಸೆದ) ಮಣಿಗಳೇ ಬೇಕು.

ಪ್ರಶ್ನೆ:
ತುಂಬ ಧನ್ಯವಾದ. ಗಸಿ ಕೂರಲಿಲ್ಲ, ನೀವು ಹೇಳಿದಂತೆಯೇ ಆಯಿತು. ಸಲ್ಫೇಟ್ ವಿಪರೀತ ಇದೆ. ಫೆರಿಕ್ (ಕಬ್ಬಿಣದ) ಲವಣ ಹಾಕಿ ತಾಮ್ರವನ್ನು ಬಿಡಿಸಬಹುದು ಎಂದು ಓದಿದೆ. ಹಾಕಿ ಪಿಎಚ್ ಏರಿಸುತ್ತ ಹೋದಾಗ ಕಂದು ಗಸಿ ಕೂತಿತು, ಆದರೆ ಮೇಲಿನ ನೀರು ಮತ್ತೆ ನೀಲಿಯಾಯಿತು!

ಉತ್ತರ:
ದಾರಿ ಸರಿಯಿದೆ, ಪಿಎಚ್ ಜಾಸ್ತಿಯಾಗಿದೆ. ಪಿಎಚ್ 2–3ರಲ್ಲಿ ಫೆರಿಕ್ ಅಯಾನು (ಲಾಗ್ ಬೆಲೆ ಸುಮಾರು 25) ಇಡಿಟಿಎಯನ್ನು ತಾಮ್ರದಿಂದ ಕಿತ್ತುಕೊಳ್ಳುತ್ತದೆ. ಪಿಎಚ್ ಏರಿದಂತೆ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿಯುತ್ತದೆ. ಕೈಬಿಟ್ಟ ಇಡಿಟಿಎ ಮತ್ತೆ ತಾಮ್ರವನ್ನೇ ಹಿಡಿಯುತ್ತದೆ. ಆದ್ದರಿಂದ ಪಿಎಚ್ ಏರಿಸಲೇಬೇಡಿ. ಆಮ್ಲೀಯವಾಗಿರುವಾಗಲೇ ಇಮಿನೋಡೈಅಸಿಟೇಟ್ ಗುಂಪಿನ (ಬಿಡಿ ತಾಮ್ರವನ್ನು ಬಿಗಿಯಾಗಿ ಹಿಡಿಯುವ) ರೆಸಿನ್ ಮೂಲಕ ಹರಿಸಿ. ಫೆರಿಕ್ ಪ್ರಮಾಣವನ್ನು ತಾಮ್ರದ ಲೆಕ್ಕದಲ್ಲಲ್ಲ, ಒಟ್ಟು ಇಡಿಟಿಎ ಲೆಕ್ಕದಲ್ಲಿ ನಿಗದಿಪಡಿಸಿ. ಹೆಚ್ಚಾದ ಕಬ್ಬಿಣ ರೆಸಿನ್‌ನ ಜಾಗವನ್ನೇ ತಿನ್ನುತ್ತದೆ.

ಇನ್ನೊಂದು ಮಾತು: ಬಣ್ಣ ನೋಡಿ ತಾಮ್ರ ಹೋಯಿತು ಎಂದುಕೊಳ್ಳಬೇಡಿ. ಕೆಲವು ಬಣ್ಣದ ಕಿಟ್‌ಗಳು ಸಂಕೀರ್ಣದೊಳಗಿನ ತಾಮ್ರವನ್ನು ಕಾಣುವುದೇ ಇಲ್ಲ. ಮಾದರಿಯನ್ನು ಆಮ್ಲದಲ್ಲಿ ಕುದಿಸಿ ಜೀರ್ಣಿಸಿದ ಮೇಲೆ ಒಟ್ಟು ತಾಮ್ರವನ್ನು ಅಳೆಯಿರಿ. ರೆಸಿನ್ ತೊಳೆದ ಆಮ್ಲದಲ್ಲಿ ತಾಮ್ರ ಗಾಢವಾಗಿರುತ್ತದೆ, ಕಾಲಮ್ ದಾಟಿ ಬಂದ ನೀರಿನಲ್ಲಿ ಇಡಿಟಿಎ ಹಾಗೆಯೇ ಉಳಿದಿರುತ್ತದೆ. ಎರಡನ್ನೂ ಚರಂಡಿಗೆ ಬಿಡಬೇಡಿ.