ಪದಚರ್ಚೆ: ಬಂಪರಿನ ಆಳವಾದ ಗೀರಿಗೆ ಪದ ಬೇಕಿದೆ (ತುರ್ತು)

ಎಲ್ಲರಿಗೂ ನಮಸ್ಕಾರ. ಕಾರಿನ ಬಂಪರನ್ನು ಮನೆಯಲ್ಲೇ ಸರಿಮಾಡಿಕೊಳ್ಳುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಡಬೇಕು. ಮೂಲದಲ್ಲಿ ಎರಡು ಬಗೆಯ ಸ್ಕ್ರ್ಯಾಚ್ ಇವೆ. ಒಂದು ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲೇ, ಅಂದರೆ ಕ್ಲಿಯರ್ ಕೋಟಿನಲ್ಲೇ ನಿಂತದ್ದು, ಪಾಲಿಶ್ ಮಾಡಿದರೆ ಹೋಗುತ್ತದೆ. ಇನ್ನೊಂದು ಬಣ್ಣ, ಅದರಡಿಯ ಪ್ರೈಮರ್ ಎರಡನ್ನೂ ದಾಟಿ ಪ್ಲಾಸ್ಟಿಕ್ಕಿಗೇ ಇಳಿದದ್ದು. ಅದಕ್ಕೆ ಫಿಲ್ಲರ್ ತುಂಬಬೇಕು. ಎರಡಕ್ಕೂ 'ಗೀರು' ಅಂದರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ. ಆಳದ್ದಕ್ಕೆ 'ತರಚು' ಆಗುತ್ತಾ? ಫಿಲ್ಲರ್, ಪ್ರೈಮರ್, ಕ್ಲಿಯರ್ ಕೋಟ್‌ಗಳಿಗೂ ಏನಾದರೂ ಇದ್ದರೆ ತಿಳಿಸಿ.

ಮರು:
'ತರಚು' ಬೇಡ. ತರಚುವುದು ಚರ್ಮ, ಅದೂ ಮೇಲೆಮೇಲೆ. 'ಪರಚು'ವುದಕ್ಕೆ ಬೆಕ್ಕು ಬೇಕು. 'ಗೀರು' ಒಂದೇ ಸಾಕು. ಅದು ಮೂಲದಲ್ಲಿ ಗೀಱು, ತಮಿಳಿನಲ್ಲಿ ಕೀಱು. ಅಲ್ಲಿ ಸೀಳುವ ಅರ್ಥವೂ ಇದೆ, ಅಂದರೆ ಆಳ ಪದದೊಳಗೇ ಇದೆ. ಶಕಟರೇಫವನ್ನು, ಅಂದರೆ ಈ 'ಱ' ಅಕ್ಷರವನ್ನು, ಕಳೆದುಕೊಂಡು 'ಅರಿ'ಗೂ 'ಅಱಿ'ಗೂ, ಅಂದರೆ ಕತ್ತರಿಸುವುದಕ್ಕೂ ತಿಳಿಯುವುದಕ್ಕೂ, ಬರವಣಿಗೆಯಲ್ಲಿ ವ್ಯತ್ಯಾಸವೇ ಇಲ್ಲದ ಹಾಗೆ ಮಾಡಿಕೊಂಡೆವು. ಈಗ ಪದ ಸಾಲದು ಅಂತ ಅಳುತ್ತೇವೆ.

ಮರು:
ಸರ್, ಶಕಟರೇಫ ಬಿಟ್ಟು ಬಂಪರಿಗೆ ಬನ್ನಿ. ಗೀರಿನ ಮೇಲೆ ಅಡ್ಡಡ್ಡ ಉಗುರು ಆಡಿಸಬೇಕು. ಜಾರಿದರೆ 'ಮೇಲ್ಗೀರು'. ಸಿಕ್ಕಿಕೊಂಡರೆ 'ಕಚ್ಚು' ಅನ್ನಿ, ಮರಕ್ಕೆ ಕಚ್ಚು ಹಾಕ್ತೀವಲ್ಲ, ಅದೇ. ಫಿಲ್ಲರಿಗೆ 'ಪುಟ್ಟಿ', ಕೆಲಸದವರ ಬಾಯಲ್ಲಿರುವುದೇ ಅದು. ಸುಮ್ನೆ 'ಪುಟ್ಟಿ' ಅಂದರೆ ಗೋಡೆಯದ್ದನ್ನು ಮೆತ್ತಿಬಿಟ್ಟಾರು. 'ಬಳುಕುವ ಪುಟ್ಟಿ' ಎಂದು ಬರೆಯಿರಿ. ಬಂಪರ್ ಬಳುಕುತ್ತದೆ, ಗಡಸು ಪುಟ್ಟಿ ಬಿರುಕು ಬಿಡುತ್ತದೆ. ಸ್ಯಾಂಡ್ ಪೇಪರಿಗೆ 'ಉಪ್ಪುಕಾಗದ' ಇದ್ದೇ ಇದೆ. 180 ನಂಬರಿನ ಕಾಗದದಲ್ಲಿ ಪುಟ್ಟಿ ಮಟ್ಟ ಮಾಡಿ, ಪ್ರೈಮರಿಗೆ ಮೊದಲು 320 ಅಥವಾ 400. ಇಲ್ಲಿ 'ಅಂಚನ್ನು ನಯಗೊಳಿಸಿ' ಅಂತ ಬರೆದರೆ ಯಾರಿಗೂ ತಿಳಿಯಲ್ಲ. 'ಹಳೇ ಬಣ್ಣದ ಏಣು ಬೆರಳಿಗೆ ಸಿಗದ ಹಾಗೆ ಉಜ್ಜಿ' ಅನ್ನಿ. ಹಾಗೇ, ಬಂಪರ್ ಜಾಸ್ತಿ ಪಾಲಿಪ್ರೊಪಿಲೀನ್ ಕಲಬೆರಕೆಯದ್ದು. ಬೋಳು ಪ್ಲಾಸ್ಟಿಕ್ ಮೇಲೆ ನೇರ ಬಣ್ಣ ಹೊಡೆದರೆ ಹಪ್ಪಳೆ ಎದ್ದು ಬರುತ್ತದೆ. ಬಣ್ಣ ಹಿಡಿದುಕೊಳ್ಳಲಿ ಅಂತ ಮೊದಲು ಹೊಡೆಯುವ ಅಡ್ಹೀಷನ್ ಪ್ರೊಮೋಟರನ್ನು ಬಿಡಬೇಡಿ.

ಮರು:
ಕನ್ನಡದಲ್ಲಿ ಪುಟ್ಟಿ ಅಂದರೆ ಬುಟ್ಟಿ. 'ಮೆತ್ತುಹಿಟ್ಟು' ಬಳಸಿ. ಪ್ರೈಮರ್ 'ಮೊದಲಬಳಿ'. ಮುಗಿಯಿತು.

ಮರು:
ಬುಟ್ಟಿಯನ್ನು ಯಾರೂ ಬಂಪರಿಗೆ ಮೆತ್ತಲ್ಲ ಸರ್. ಇಂಗ್ಲಿಷಿನವರೇ ಈ ಪುಟ್ಟಿಯನ್ನು ಫ್ರೆಂಚಿನಿಂದ ಎರವಲು ತಂದವರು. ಅವರಿಗಿಲ್ಲದ ಮುಜುಗರ ನಮಗ್ಯಾಕೆ? ಉಪ್ಪುಕಾಗದದ 'ಕಾಗದ' ಪಾರಸಿಯಿಂದ ಬಂದದ್ದು, ಅದಕ್ಕೆ ನೀವು ತಕರಾರು ತೆಗೆಯಲಿಲ್ಲ. 'ಬಣ್ಣ'ವೂ 'ವರ್ಣ'ದಿಂದಲೇ ಅಲ್ವಾ?

ಮರು:
ಬಣ್ಣ ತದ್ಭವ. ನಾಲಗೆಗೆ ಒಗ್ಗಿಸಿಕೊಂಡು ತಂದದ್ದು. ಪ್ರೈಮರನ್ನು ನೀವು ಅಗಿಯದೆ ನುಂಗಿದ್ದೀರಿ. ಅದಕ್ಕೆ ಎರವಲು ಅನ್ನುವುದಿಲ್ಲ, ಸೋಮಾರಿತನ ಅನ್ನುತ್ತಾರೆ.

ಮರು (ಕೇಳಿದವಳು):
ಇಬ್ಬರಿಗೂ ಧನ್ಯವಾದ. ಹೀಗೆ ಹಾಕಿದ್ದೇನೆ: "ಉಗುರು ಸಿಕ್ಕಿಕೊಂಡರೆ ಅದು ಕಚ್ಚು. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಅಂಚಿನ ಏಣು ಹೋಗುವ ತನಕ ಉಜ್ಜಿ, ಬಳುಕುವ ಪುಟ್ಟಿ ತುಂಬಿ." ಪ್ರೈಮರ್ ಹಾಗೇ ಇರಲಿ, ಡಬ್ಬಿಯ ಮೇಲೆ ಅದೇ ಇರುತ್ತದೆ. ಕ್ಲಿಯರ್ ಕೋಟ್‌ಗೆ ಯಾರೂ ಹೇಳಲೇ ಇಲ್ಲ. 'ತಿಳಿಬಣ್ಣ' ಅಂದರೆ ಮಾಸಲು ನೀಲಿ, ಮಾಸಲು ಹಳದಿ ಅಂದುಕೊಳ್ಳುತ್ತಾರೆ. ಇದಕ್ಕೆ ಬಣ್ಣವೇ ಇಲ್ಲ. ರಾತ್ರಿಯೊಳಗೆ ಯಾರಾದರೂ?

ಮರು:
'ಹೊಳಪುಬಳಿ'.

ಮರು:
ಮ್ಯಾಟ್ ಕ್ಲಿಯರ್ ಕೋಟೂ ಇದೆ ಸರ್. ಅದು ಹೊಳೆಯಲ್ಲ.